ವಾಲ್ವ್ ಬೇಕೋ, ಟ್ರಾನ್ಸಿಸ್ಟರ್ ಸಾಕೋ? ವೇದಿಕೆಗೆ ಗಿಟಾರ್ ಆಂಪ್ಲಿಫೈಯರ್ ಕೊಳ್ಳುವ ಮುನ್ನ

ಬೆಂಗಳೂರು: ಅರ್ಧ ಶತಮಾನದ ಹಿಂದೆ ಮನೆಯ ರೇಡಿಯೊದ ಗುಂಡಿ ತಿರುಗಿಸಿದ ಕೂಡಲೇ ವಾರ್ತೆ ಕೇಳಿಸುತ್ತಿರಲಿಲ್ಲ. ಒಳಗಿನ ವಾಲ್ವ್‌ಗಳು ಬಿಸಿಯಾಗಬೇಕಿತ್ತು, ಗಾಜಿನ ಬುರುಡೆಯೊಳಗೆ ಕೆಂಡದಂಥ ಬೆಳಕು ಮೂಡಬೇಕಿತ್ತು. ಆ ಬಳಿಕವೇ ಧ್ವನಿ. ಟ್ರಾನ್ಸಿಸ್ಟರ್ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ಕಿಸೆಯಲ್ಲಿ ಹಿಡಿಸುವ ರೇಡಿಯೊಗೆ ಜನ ‘ಟ್ರಾನ್ಸಿಸ್ಟರ್’ ಎಂದೇ ಹೆಸರಿಟ್ಟರು. ವಾಲ್ವ್ ದಿನಬಳಕೆಯ ಸಾಧನಗಳಿಂದ ಬಹುತೇಕ ಕಣ್ಮರೆಯಾಯಿತು.

ಆದರೆ ಒಂದು ಕಡೆ ಮಾತ್ರ ಅದು ಸೋಲೊಪ್ಪಿಲ್ಲ. ಅದು ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ವೇದಿಕೆ. ಜಗತ್ತಿನ ಹೆಸರಾಂತ ಗಿಟಾರ್ ವಾದಕರ ಬೆನ್ನ ಹಿಂದೆ ಇಂದಿಗೂ ವಾಲ್ವ್ ಆಂಪ್ಲಿಫೈಯರ್‌ಗಳು ಕಾಣಸಿಗುತ್ತವೆ. ಟ್ಯೂಬ್ ಎಂಬ ಹೆಸರಿನಿಂದಲೂ ಕರೆಯಲಾಗುವ ಈ ಗಾಜಿನ ಬುರುಡೆಗಾಗಿ ವಾದಕರು ದುಪ್ಪಟ್ಟು ಹಣ ತೆರುತ್ತಾರೆ, ಮಣಭಾರ ಹೊರುತ್ತಾರೆ.

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ನಗರಗಳಲ್ಲಿ ವಾದ್ಯವೃಂದ ಕಟ್ಟಿಕೊಂಡ ಯುವಕರಿಗೆ ಈ ಆಯ್ಕೆ ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಹೆಸರುವಾಸಿ ಕಂಪನಿಯ, ವೇದಿಕೆಗೆ ತಕ್ಕ ದೊಡ್ಡ ವಾಲ್ವ್ ಆಂಪ್ಲಿಫೈಯರ್ ಬೆಲೆ ಭಾರತದಲ್ಲಿ ಸುಲಭವಾಗಿ ಲಕ್ಷ ರೂಪಾಯಿ ದಾಟುತ್ತದೆ. ಆಯ್ಕೆ ತಪ್ಪಿದರೆ ಕೂಡಿಟ್ಟ ಹಣ ಹೋಗುವುದಷ್ಟೇ ಅಲ್ಲ, ಕಾರ್ಯಕ್ರಮ ನಡುವೆಯೇ ನಿಲ್ಲಬಹುದು, ಕಿವಿಗೆ ಶಾಶ್ವತ ಹಾನಿಯಾಗಬಹುದು. ವಿದ್ಯುತ್ ವ್ಯವಸ್ಥೆ ಸರಿಯಿಲ್ಲದ ವೇದಿಕೆಯಲ್ಲಿ ಪ್ರಾಣಕ್ಕೂ ಅಪಾಯವಿದೆ. ಹೀಗಾಗಿ ಎರಡರ ಗುಣದೋಷಗಳನ್ನು ತುಲನೆ ಮಾಡಿ ನೋಡುವುದು ಅಗತ್ಯ.

ಎರಡೂ ಮಾಡುವ ಕೆಲಸ ಒಂದೇ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಎಂಬ ಅಯಸ್ಕಾಂತ ಸುರುಳಿಯು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಈ ಸಂಕೇತ ಬಲು ದುರ್ಬಲ. ಸಾಮಾನ್ಯವಾಗಿ ಒಂದು ವೋಲ್ಟ್‌ಗಿಂತಲೂ ಕಡಿಮೆ. ಅದನ್ನು ಎರಡು ಹಂತಗಳಲ್ಲಿ ಬಲಪಡಿಸಲಾಗುತ್ತದೆ. ಮೊದಲ ಹಂತವಾದ ಪ್ರಿಆಂಪ್ ಸಂಕೇತವನ್ನು ಹಿಗ್ಗಿಸಿ ಅದರ ಬಣ್ಣವನ್ನು ತಿದ್ದುತ್ತದೆ. ಎರಡನೆಯದಾದ ಪವರ್ ಆಂಪ್ ಸ್ಪೀಕರನ್ನು ಅಲುಗಾಡಿಸುವಷ್ಟು ಶಕ್ತಿ ತುಂಬುತ್ತದೆ.

ವಾಲ್ವ್‌ನಲ್ಲಿ ಈ ಕೆಲಸ ನಡೆಯುವುದು ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ. ಬಿಸಿಯಾದ ಕ್ಯಾಥೋಡ್ ಎಲೆಕ್ಟ್ರಾನ್‌ಗಳನ್ನು ಹೊರಸೂಸುತ್ತದೆ. ನೂರಾರು ವೋಲ್ಟ್ ಒತ್ತಡದಲ್ಲಿರುವ ಪ್ಲೇಟ್ ಅವುಗಳನ್ನು ಸೆಳೆಯುತ್ತದೆ. ನಡುವಿನ ಗ್ರಿಡ್ ಎಂಬ ಜಾಲರಿಗೆ ಗಿಟಾರಿನ ಸಂಕೇತ ಕೊಟ್ಟರೆ ಅದು ಕಾಲುವೆಯ ತೂಬಿನಂತೆ ಈ ಹರಿವನ್ನು ಹೆಚ್ಚಿಸುತ್ತ, ತಗ್ಗಿಸುತ್ತ ಹೋಗುತ್ತದೆ. 1904ರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ವಿದ್ಯುದಗ್ರಗಳ ವಾಲ್ವ್ ರೂಪಿಸಿದರು. ಬಳಿಕ ಅಮೆರಿಕದ ಲೀ ಡಿ ಫಾರೆಸ್ಟ್ ಗ್ರಿಡ್ ಸೇರಿಸಿದ ಮೇಲೆ ಅದು ಸಂಕೇತವನ್ನು ಹಿಗ್ಗಿಸುವ ಸಾಧನವಾಯಿತು.

ಟ್ರಾನ್ಸಿಸ್ಟರ್‌ನಲ್ಲಿ ಇದೇ ಕೆಲಸವನ್ನು ಘನರೂಪದ ಅರೆವಾಹಕದ ತುಣುಕು ಮಾಡುತ್ತದೆ. ‘ಸಾಲಿಡ್ ಸ್ಟೇಟ್’ ಎಂಬ ಹೆಸರು ಬಂದಿದ್ದು ಹೀಗೆ. ಬಿಸಿ ಮಾಡುವ ತಂತಿ ಬೇಡ, ಗಾಜು ಬೇಡ, ನೂರಾರು ವೋಲ್ಟ್ ಬೇಡ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದು ಮೊದಲ ಬಾರಿಗೆ ಕೆಲಸ ಮಾಡಿತು. ಇದಕ್ಕಾಗಿ ಜಾನ್ ಬಾರ್ಡೀನ್, ವಾಲ್ಟರ್ ಬ್ರಾಟೈನ್ ಮತ್ತು ವಿಲಿಯಂ ಶಾಕ್ಲಿ 1956ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಜಾಲಹಳ್ಳಿಯಿಂದ ಹೋದ ವಾಲ್ವ್‌ಗಳು

ರಾಕ್ ಸಂಗೀತದ ಗಿಟಾರ್ ನಾದ ರೂಪುಗೊಂಡ ಕಾಲದಲ್ಲಿ ವಾಲ್ವ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಫೆಂಡರ್ ಕಂಪನಿಯ ‘ಬಾಸ್‌ಮನ್’ ಹೆಸರು ಮಾಡಿತ್ತು. ಅದರ ವಿನ್ಯಾಸವನ್ನು ಆಧರಿಸಿ ಲಂಡನ್ನಿನ ಸಂಗೀತ ಮಳಿಗೆಯ ಮಾಲೀಕ ಜಿಮ್ ಮಾರ್ಷಲ್ 1962ರಲ್ಲಿ ತಮ್ಮ ಮೊದಲ ಆಂಪ್ಲಿಫೈಯರ್ ‘ಜೆಟಿಎಂ45’ ಹೊರತಂದರು. ಬೀಟಲ್ಸ್ ಬಳಸಿದ ‘ವೋಕ್ಸ್ ಎಸಿ30’ ಕೂಡ ಅದೇ ಪೀಳಿಗೆಯದು. ಇಂಥ ಯಂತ್ರಗಳಿಂದ ಹೊಮ್ಮಿದ ನಾದವೇ ಕೇಳುಗರ ಕಿವಿಯಲ್ಲಿ ‘ಗಿಟಾರ್ ಅಂದರೆ ಹೀಗೆ’ ಎಂದು ನೆಲೆಯೂರಿತು. ವಾಲ್ವ್‌ನ ಪ್ರತಿಷ್ಠೆಗೆ ಈ ಕಿವಿಯ ರೂಢಿಯೂ ಒಂದು ಕಾರಣ ಎಂಬುದನ್ನು ಮರೆಯುವಂತಿಲ್ಲ.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ನೆದರ್ಲೆಂಡ್ಸ್‌ನ ಫಿಲಿಪ್ಸ್ ಕಂಪನಿಯ ಸಹಯೋಗದಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ದೇಶದ ರೇಡಿಯೊಗಳಿಗೆಂದು ತಯಾರಾದ ಅವುಗಳಲ್ಲಿ ‘ಇಎಲ್84’ ಎಂಬ ಮಾದರಿಯೂ ಇತ್ತು. ವೋಕ್ಸ್ ಎಸಿ30 ತನ್ನ ಶಕ್ತಿ ಪಡೆಯುವುದು ಇದೇ ಮಾದರಿಯ ನಾಲ್ಕು ವಾಲ್ವ್‌ಗಳಿಂದ. ಉತ್ಪಾದನೆ ನಿಂತು ಎಷ್ಟೋ ವರ್ಷಗಳಾದರೂ ‘ಬಿಇಎಲ್’ ಮುದ್ರೆಯ ಹಳೆಯ ದಾಸ್ತಾನಿನ ಇಎಲ್84ಗಳನ್ನು ವಿದೇಶದ ಗಿಟಾರ್ ವಾದಕರು ಹುಡುಕಿ ಕೊಳ್ಳುವುದುಂಟು.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳ ಆರಂಭ ಮಾತ್ರ ಚೆನ್ನಾಗಿರಲಿಲ್ಲ. 1966ರಲ್ಲಿ ಫೆಂಡರ್ ಹೊರತಂದ ಮೊದಲ ಸಾಲಿಡ್ ಸ್ಟೇಟ್ ಸರಣಿ ವಾದಕರ ಮನ ಗೆಲ್ಲಲಾರದೆ ಕೆಲವೇ ವರ್ಷಗಳಲ್ಲಿ ಮರೆಗೆ ಸರಿಯಿತು. ಆ ಕಹಿ ಅನುಭವದಿಂದ ಹುಟ್ಟಿದ ‘ಟ್ರಾನ್ಸಿಸ್ಟರ್ ಎಂದರೆ ಕಳಪೆ’ ಎಂಬ ಮಾತು ಇಂದಿಗೂ ಉಳಿದುಕೊಂಡಿದೆ. ಆದರೆ 1975ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಬಿಡುಗಡೆ ಮಾಡಿದ ‘ಜೆಸಿ-120 ಜಾಝ್ ಕೋರಸ್’ ಈ ಮಾತನ್ನು ಸುಳ್ಳಾಗಿಸಿತು. ಒಂದೂ ವಾಲ್ವ್ ಇಲ್ಲದ ಈ ಯಂತ್ರದ ಸ್ವಚ್ಛ ನಾದವನ್ನು ಹೆವಿ ಮೆಟಲ್ ತಂಡವಾದ ಮೆಟಾಲಿಕಾ ಕೂಡ ತನ್ನ ಮೆಲುದನಿಯ ಭಾಗಗಳಿಗೆ ಬಳಸಿತು. ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್ ಅವರ ಅಚ್ಚುಮೆಚ್ಚಿನ ‘ಲ್ಯಾಬ್ ಸೀರೀಸ್ ಎಲ್5’ ಸಹ ಸಾಲಿಡ್ ಸ್ಟೇಟ್ ಯಂತ್ರವೇ. ಪ್ಯಾಂಟೆರಾ ತಂಡದ ಡೈಮ್‌ಬ್ಯಾಗ್ ಡ್ಯಾರೆಲ್ ಹಲವು ವರ್ಷ ರ‍್ಯಾಂಡಲ್ ಕಂಪನಿಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಿಂದಲೇ ತಮ್ಮ ಉಗ್ರ ನಾದ ಹೊರಡಿಸಿದರು.

ವ್ಯತ್ಯಾಸ ಇರುವುದು ಎಲ್ಲೆಯಲ್ಲಿ

ಹಾಗಾದರೆ ನಿಜವಾದ ವ್ಯತ್ಯಾಸವೇನು? ಯಂತ್ರವನ್ನು ಅದರ ಶಕ್ತಿಯ ಮಿತಿಯೊಳಗೆ ಬಳಸುವಾಗ ಎರಡರ ನಡುವಿನ ಅಂತರ ಅಷ್ಟೇನೂ ದೊಡ್ಡದಲ್ಲ. ಮಿತಿ ಮೀರಿದಾಗ ಅವು ವರ್ತಿಸುವ ರೀತಿಯಲ್ಲಿ ದೊಡ್ಡ ಅಂತರವಿದೆ.

ಯಾವುದೇ ಆಂಪ್ಲಿಫೈಯರ್ ತನ್ನ ಶಕ್ತಿಯ ಎಲ್ಲೆ ಮುಟ್ಟಿದಾಗ ಸಂಕೇತದ ಅಲೆಗಳ ತುದಿಗಳು ಕತ್ತರಿಸಿಹೋಗುತ್ತವೆ. ಆಗ ಮೂಲ ಸ್ವರದಲ್ಲಿ ಇಲ್ಲದ ಹೊಸ ಉಪಸ್ವರಗಳು ಹುಟ್ಟುತ್ತವೆ. ಇದನ್ನೇ ಡಿಸ್ಟಾರ್ಷನ್ ಎನ್ನುವುದು. ಧ್ವನಿವರ್ಧಕದಲ್ಲಿ ಭಾಷಣ ಕೇಳುವವರಿಗೆ ಇದು ದೋಷ. ಗಿಟಾರ್ ವಾದಕರಿಗೆ ಇದೇ ಅಲಂಕಾರ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ನೂಲೆಳೆ ಸರಿಸಿ ಕೂರಿಸಿದಾಗ ಸಪ್ಪೆ ನಾದ ಉಪಸ್ವರಗಳಿಂದ ತುಂಬಿಕೊಳ್ಳುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವಿಧಾನ ಬೇರೆ, ಆದರೆ ನಾದಕ್ಕೆ ಉಪಸ್ವರಗಳ ಮೈ ತುಂಬುವ ಆಸೆ ಒಂದೇ.

ವಾಲ್ವ್ ಪವರ್ ಆಂಪ್ ಎಲ್ಲೆ ಮುಟ್ಟುವುದು ಕ್ರಮೇಣ. ಅಲೆಯ ತುದಿ ಮೊದಲು ದುಂಡಗಾಗಿ, ಆಮೇಲೆ ಚಪ್ಪಟೆಯಾಗುತ್ತದೆ. ತಂತಿಯನ್ನು ಮೆಲ್ಲಗೆ ಮೀಟಿದರೆ ಸ್ವಚ್ಛ ನಾದ, ಬಲವಾಗಿ ಮೀಟಿದರೆ ಒರಟು ನಾದ. ವಾಲ್ವ್‌ನಿಂದಲೇ ವಿದ್ಯುತ್ತನ್ನು ಏಕಮುಖಗೊಳಿಸುವ ಹಳೆಯ ವಿನ್ಯಾಸಗಳಲ್ಲಿ ಬಲವಾದ ಮೀಟಿಗೆ ಒಳಗಿನ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಏರುವುದರಿಂದ ಸ್ವರ ಉಸಿರಾಡಿದಂತೆ ಕೇಳಿಸುತ್ತದೆ. ‘ಬೆರಳಿಗೆ ಸ್ಪಂದಿಸುತ್ತದೆ’ ಎಂದು ವಾದಕರು ಹೇಳುವುದು ಈ ಗುಣವನ್ನು.

ಟ್ರಾನ್ಸಿಸ್ಟರ್ ಪವರ್ ಆಂಪ್ ಎಲ್ಲೆಯವರೆಗೂ ಸ್ವಚ್ಛವಾಗಿದ್ದು, ಎಲ್ಲೆ ಮುಟ್ಟಿದೊಡನೆ ಕತ್ತಿಯಿಂದ ಕಡಿದಂತೆ ಅಲೆಯನ್ನು ಕತ್ತರಿಸುತ್ತದೆ. ಕಿವಿಗೆ ಅದು ಕರ್ಕಶ. ಆದ್ದರಿಂದ ಸಾಲಿಡ್ ಸ್ಟೇಟ್ ಯಂತ್ರದಲ್ಲಿ ಡಿಸ್ಟಾರ್ಷನ್ ಬೇಕಿದ್ದರೆ ಅದನ್ನು ಪ್ರಿಆಂಪ್‌ನಲ್ಲಿ ಅಥವಾ ಪೆಡಲ್‌ನಲ್ಲಿ ಸೃಷ್ಟಿಸಿ, ಪವರ್ ಆಂಪನ್ನು ಎಲ್ಲೆಯಿಂದ ದೂರ ಇಡಲಾಗುತ್ತದೆ.

‘ವಾಲ್ವ್ ಸಮ ಸಂಖ್ಯೆಯ ಉಪಸ್ವರ ಕೊಡುತ್ತದೆ, ಅದಕ್ಕೇ ಇಂಪು, ಟ್ರಾನ್ಸಿಸ್ಟರ್ ಬೆಸ ಸಂಖ್ಯೆಯದು, ಅದಕ್ಕೇ ಕರ್ಕಶ’ ಎಂಬ ವಿವರಣೆ ಬಹಳ ಪ್ರಚಲಿತ. ಇದು ಅರೆಸತ್ಯ. ವೇದಿಕೆಯ ದೊಡ್ಡ ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ವಾಲ್ವ್‌ಗಳು ಜೋಡಿಯಾಗಿ ‘ಪುಷ್-ಪುಲ್’ ವಿಧಾನದಲ್ಲಿ ಕೆಲಸ ಮಾಡುತ್ತವೆ. ಈ ವಿಧಾನದಲ್ಲಿ ಪವರ್ ಹಂತದ ಸಮ ಸಂಖ್ಯೆಯ ಉಪಸ್ವರಗಳು ಪರಸ್ಪರ ರದ್ದಾಗಿ ಹೋಗುತ್ತವೆ. ಮುಖ್ಯವಾದದ್ದು ಅಲೆ ಎಷ್ಟು ಮೃದುವಾಗಿ ಕತ್ತರಿಸಲ್ಪಡುತ್ತದೆ ಎಂಬುದು.

ಇನ್ನೊಂದು ವ್ಯತ್ಯಾಸ ಸ್ಪೀಕರಿಗೆ ಸಂಬಂಧಿಸಿದ್ದು. ಸ್ಪೀಕರಿನ ವಿದ್ಯುತ್ ಪ್ರತಿರೋಧ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಮಂದ್ರದ ಒಂದು ಬಿಂದುವಿನಲ್ಲಿ ಮತ್ತು ತಾರದಲ್ಲಿ ಅದು ಏರುತ್ತದೆ. ವಾಲ್ವ್ ಆಂಪ್ಲಿಫೈಯರ್ ಇಂಥ ಜಾಗಗಳಲ್ಲಿ ತುಸು ಹೆಚ್ಚು ವೋಲ್ಟೇಜ್ ಕೊಡುವುದರಿಂದ ತಳ ತುಂಬಿದ, ತುದಿ ಚುರುಕಾದ ನಾದ ಬರುತ್ತದೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಎಲ್ಲ ಸ್ವರಗಳಿಗೂ ಹೆಚ್ಚುಕಡಿಮೆ ಸಮನಾದ ವೋಲ್ಟೇಜ್ ಕೊಡುತ್ತದೆ. ಈ ಗುಣವನ್ನು ಅನುಕರಿಸುವ ಟ್ರಾನ್ಸಿಸ್ಟರ್ ವಿನ್ಯಾಸಗಳೂ ಇವೆ. ಎಚ್ಚರಿಕೆಯಿಂದ ರೂಪಿಸಿದ ಅಂಥ ಯಂತ್ರವನ್ನು ಸಭಿಕರ ಸಾಲಿನಲ್ಲಿ ಕುಳಿತವರು ಗುರುತಿಸುವುದು ಕಷ್ಟ. ನುಡಿಸುವವರ ಬೆರಳಿಗೆ ಮಾತ್ರ ಅಂತರ ತಿಳಿಯುತ್ತದೆ.

ವ್ಯಾಟ್ ಹೆಚ್ಚಿದರೆ ಸದ್ದು ಹೆಚ್ಚೇ?

ಅಂಗಡಿಯಲ್ಲಿ ಗ್ರಾಹಕರನ್ನು ಹೆಚ್ಚು ದಾರಿತಪ್ಪಿಸುವುದು ವ್ಯಾಟ್ ಲೆಕ್ಕ. ಕಿವಿಗೆ ಸದ್ದು ದುಪ್ಪಟ್ಟಾದಂತೆ ಅನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಹೆಚ್ಚಬೇಕು. ಶಕ್ತಿ ಎರಡು ಪಟ್ಟಾದರೆ ಏರುವುದು 3 ಡೆಸಿಬಲ್ ಮಾತ್ರ. ಅಂದರೆ 50 ವ್ಯಾಟ್ ಮತ್ತು 100 ವ್ಯಾಟ್ ಯಂತ್ರಗಳ ನಡುವಿನ ಅಂತರ ಬೆಲೆಯಲ್ಲಿ ಕಂಡಷ್ಟು ಕಿವಿಯಲ್ಲಿ ಕೇಳಿಸದು.

‘ವಾಲ್ವ್ ವ್ಯಾಟ್ ಹೆಚ್ಚು ಜೋರು’ ಎಂಬ ಮಾತಿಗೂ ಇಲ್ಲಿಯೇ ಉತ್ತರವಿದೆ. ವ್ಯಾಟ್‌ನಲ್ಲಿ ಭೇದವಿಲ್ಲ. ಆದರೆ ವಾಲ್ವ್ ಆಂಪ್ಲಿಫೈಯರನ್ನು ಎಲ್ಲೆ ಮೀರಿ ನುಡಿಸಿದರೂ ನಾದ ಹಿತವಾಗಿರುವುದರಿಂದ ಅದರ ಪೂರ್ಣ ಶಕ್ತಿ ಬಳಕೆಗೆ ಬರುತ್ತದೆ. ಅಲೆ ಪೂರ್ತಿ ಚಪ್ಪಟೆಯಾದಾಗ ಯಂತ್ರ ತನ್ನ ನಮೂದಿತ ಶಕ್ತಿಯ ಎರಡು ಪಟ್ಟಿನವರೆಗೂ ಹೊರಹಾಕಬಹುದು. ಟ್ರಾನ್ಸಿಸ್ಟರ್ ಯಂತ್ರವನ್ನು ಹಾಗೆ ದುಡಿಸಿಕೊಳ್ಳಲಾಗದು, ಅದರಲ್ಲಿ ಸದಾ ಮೀಸಲು ಶಕ್ತಿ ಇರಬೇಕು. ಆದ್ದರಿಂದ 15ರಿಂದ 30 ವ್ಯಾಟ್ ವಾಲ್ವ್ ಯಂತ್ರ ಸಾಕಾಗುವ ಕಡೆ, 60ರಿಂದ 100 ವ್ಯಾಟ್ ಸಾಲಿಡ್ ಸ್ಟೇಟ್ ಯಂತ್ರವನ್ನು ಆಯ್ದುಕೊಳ್ಳುವುದು ರೂಢಿಯ ಲೆಕ್ಕ.

ಗಿಟಾರ್ ಸ್ಪೀಕರ್‌ಗಳು ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಸುಮಾರು 97ರಿಂದ 100 ಡೆಸಿಬಲ್ ಸದ್ದು ಮಾಡಬಲ್ಲವು. 15 ವ್ಯಾಟ್ ಯಂತ್ರವೂ ಹತ್ತಿರದಲ್ಲಿ ನಿಂತವರ ಕಿವಿಗೆ ಸುಮಾರು 110 ಡೆಸಿಬಲ್ ಮುಟ್ಟಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಸೂಚಿಸಿದ ಗರಿಷ್ಠ ಮಿತಿ 100 ಡೆಸಿಬಲ್, ಅದೂ 15 ನಿಮಿಷಗಳ ಸರಾಸರಿಯಲ್ಲಿ. ವಾಲ್ವ್ ಯಂತ್ರದ ಸೊಗಸು ಹೊರಬರುವುದು ಅದನ್ನು ಪೂರ್ತಿ ಏರಿಸಿದಾಗ. 100 ವ್ಯಾಟ್ ವಾಲ್ವ್ ಯಂತ್ರ ಕೊಂಡವರಿಗೆ ಸಣ್ಣ ಸಭಾಂಗಣದಲ್ಲಿ ಆ ಸೊಗಸನ್ನು ಹೊರಡಿಸುವ ಅವಕಾಶವೇ ಸಿಗುವುದಿಲ್ಲ. ಹಟದಿಂದ ಏರಿಸಿದರೆ ತಮ್ಮ ಮತ್ತು ಸಂಗಡಿಗರ ಕಿವಿಯನ್ನೇ ಬಲಿಕೊಡಬೇಕಾಗುತ್ತದೆ.

ಸಭಿಕರಿಗೆ ಸದ್ದು ಮುಟ್ಟಿಸುವವರು ಯಾರು?

1965ರಲ್ಲಿ ‘ದ ಹೂ’ ತಂಡದ ಪೀಟ್ ಟೌನ್‌ಶೆಂಡ್ ಹೆಚ್ಚು ಶಕ್ತಿ ಬೇಕೆಂದು ಕೇಳಿದಾಗ ಮಾರ್ಷಲ್ ಕಂಪನಿ 100 ವ್ಯಾಟ್ ಯಂತ್ರ ರೂಪಿಸಿತು. ಆಗ ಸಭಾಂಗಣದ ಧ್ವನಿವರ್ಧಕಗಳಿಗೆ ಗಾಯಕರ ಧ್ವನಿಯನ್ನು ಮುಟ್ಟಿಸುವುದೇ ಕಷ್ಟವಾಗಿತ್ತು. ಕೊನೆಯ ಸಾಲಿನ ಕೇಳುಗನಿಗೆ ಗಿಟಾರ್ ಮುಟ್ಟಿಸುವ ಹೊಣೆ ವಾದಕನ ಹಿಂದಿನ ಪೆಟ್ಟಿಗೆಯದ್ದೇ ಆಗಿತ್ತು.

ಇಂದು ಹಾಗಿಲ್ಲ. ಸ್ಪೀಕರ್ ಎದುರು ಒಂದು ಮೈಕ್ ಇಟ್ಟು, ಅದರ ಸಂಕೇತವನ್ನು ಮಿಕ್ಸರ್ ಮೂಲಕ ಸಭಾಂಗಣದ ದೊಡ್ಡ ಧ್ವನಿವರ್ಧಕಗಳಿಗೆ ಕಳುಹಿಸಲಾಗುತ್ತದೆ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದಂಥ ಬೃಹತ್ ಕಾರ್ಯಕ್ರಮಗಳಲ್ಲಿ ಮೈದಾನದ ತುದಿಗೆ ನಾದ ಮುಟ್ಟಿಸುವುದು ಈ ಧ್ವನಿವರ್ಧಕ ಗೋಪುರಗಳೇ. ವೇದಿಕೆಯ ಮೇಲಿನ ಆಂಪ್ಲಿಫೈಯರ್ ಕೆಲಸ ಈಗ ಎರಡೇ: ವಾದಕನಿಗೆ ತನ್ನ ನಾದ ಕೇಳಿಸುವುದು ಮತ್ತು ಮೈಕ್‌ಗೆ ಒಳ್ಳೆಯ ನಾದ ಒದಗಿಸುವುದು.

ಹೀಗಾಗಿ ಯಂತ್ರ ಆಯುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಮೊದಲನೆಯದು, ಸಭಿಕರಿಗೆ ಸದ್ದು ಮುಟ್ಟಿಸುವುದು ಆಂಪ್ಲಿಫೈಯರೋ, ಸಭಾಂಗಣದ ಧ್ವನಿವರ್ಧಕವೋ? ಎರಡನೆಯದು, ತಮಗೆ ಬೇಕಾದ ಡಿಸ್ಟಾರ್ಷನ್ ಹುಟ್ಟುವುದು ಪವರ್ ಆಂಪ್‌ನಲ್ಲೋ, ಪೆಡಲ್‌ನಲ್ಲೋ? ಮೈಕ್ ವ್ಯವಸ್ಥೆ ಇದ್ದು, ಡಿಸ್ಟಾರ್ಷನ್ ಪೆಡಲ್‌ನಿಂದಲೇ ಬರುವುದಾದರೆ ವಾಲ್ವ್‌ಗಾಗಿ ತೆರುವ ಹೆಚ್ಚಿನ ಹಣದ ಬಹುಪಾಲು ಕೇಳುಗರಿಗೆ ತಲುಪುವುದೇ ಇಲ್ಲ.

ವಿದ್ಯುತ್ತಿನ ಏರಿಳಿತ, ಅರ್ತಿಂಗ್ ಎಂಬ ಜೀವರಕ್ಷಕ

ನಮ್ಮ ವೇದಿಕೆಗಳಿಗೆ ವಿದೇಶಿ ಕೈಪಿಡಿಗಳಲ್ಲಿ ಅಷ್ಟಾಗಿ ಕಾಣದ ಸಮಸ್ಯೆಯೊಂದಿದೆ. ಅದು ವಿದ್ಯುತ್. ಗಣೇಶೋತ್ಸವದ ಪೆಂಡಾಲಿರಲಿ, ಕಾಲೇಜು ಮೈದಾನವಿರಲಿ, ದೀಪಾಲಂಕಾರ ಮತ್ತು ಧ್ವನಿವರ್ಧಕ ಒಂದೇ ಜನರೇಟರ್‌ನಿಂದ ನಡೆಯುವುದು ಸಾಮಾನ್ಯ. ಅಲ್ಲಿ 230 ವೋಲ್ಟ್ ಎಂಬುದು ಬಹುಪಾಲು ಕಾಗದದ ಮೇಲಿನ ಮಾತು.

ವಾಲ್ವ್‌ಗೆ ಈ ಏರಿಳಿತ ನೇರವಾಗಿ ತಟ್ಟುತ್ತದೆ. ವಾಲ್ವ್‌ಗಳ ಹೀಟರ್‌ಗೆ ಬೇಕಾದದ್ದು 6.3 ವೋಲ್ಟ್, ಹತ್ತು ಶೇಕಡಾ ಆಚೀಚೆ ನಡೆಯುತ್ತದೆ. ಮುಖ್ಯ ವಿದ್ಯುತ್ 200 ವೋಲ್ಟ್‌ಗೆ ಇಳಿದರೆ ಹೀಟರ್‌ಗೆ ಸಿಗುವುದು ಸುಮಾರು 5.5 ವೋಲ್ಟ್. ಆಗ ನಾದ ಸೊರಗುತ್ತದೆ. 255ಕ್ಕೆ ಏರಿದರೆ ಹೀಟರ್‌ಗೆ 7 ವೋಲ್ಟ್ ತಲುಪಿ, ಪ್ಲೇಟ್‌ನ 400 ವೋಲ್ಟ್ 440 ದಾಟುತ್ತದೆ. ಇದು ವಾಲ್ವ್‌ನ ಆಯುಷ್ಯವನ್ನು ಕುಗ್ಗಿಸುತ್ತದೆ. ಟ್ರಾನ್ಸಿಸ್ಟರ್ ಯಂತ್ರಗಳು, ಅದರಲ್ಲೂ ಸ್ವಿಚಿಂಗ್ ವಿಧಾನದ ವಿದ್ಯುತ್ ಪೂರೈಕೆ ಇರುವ ಹೊಸ ಮಾದರಿಗಳು, ಇಂಥ ಏರಿಳಿತವನ್ನು ಹೆಚ್ಚು ತಾಳಿಕೊಳ್ಳುತ್ತವೆ. ವಾಲ್ವ್ ಯಂತ್ರ ಬಳಸುವವರು ಅದಕ್ಕೆ ತಕ್ಕ ಸಾಮರ್ಥ್ಯದ ಸ್ಟೆಬಿಲೈಸರ್ ಜತೆಗಿಟ್ಟುಕೊಳ್ಳುವುದು ಲೇಸು.

ಅಮೆರಿಕದಲ್ಲಿರುವ ಬಂಧುಗಳ ಮೂಲಕ ಆಂಪ್ಲಿಫೈಯರ್ ತರಿಸಿಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಝ್. ಆ ಯಂತ್ರವನ್ನು ಇಲ್ಲಿನ ಗೋಡೆಯ ಪ್ಲಗ್‌ಗೆ ಚುಚ್ಚಿದರೆ ಮರುಕ್ಷಣವೇ ಸುಟ್ಟುಹೋಗಬಹುದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕಡ್ಡಾಯ. 60 ಹರ್ಟ್ಝ್‌ಗೆ ಮಾತ್ರ ರೂಪಿಸಿದ ಟ್ರಾನ್ಸ್‌ಫಾರ್ಮರ್ ಇಲ್ಲಿನ 50 ಹರ್ಟ್ಝ್‌ನಲ್ಲಿ ಹೆಚ್ಚು ಬಿಸಿಯಾಗುವ ಸಂಭವವೂ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ತಿಂಗ್. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಅರ್ತ್‌ಗೆ ಜೋಡಣೆಯಾಗಿರುತ್ತವೆ. ಹಾಡುವ ಮೈಕ್‌ನ ಲೋಹದ ಜಾಲರಿ ಮಿಕ್ಸರ್‌ನ ಅರ್ತ್‌ಗೆ ಸೇರಿರುತ್ತದೆ. ಇವೆರಡರ ಅರ್ತ್ ಬೇರೆ ಬೇರೆಯಾಗಿದ್ದು, ಒಂದರಲ್ಲಿ ದೋಷವಿದ್ದರೆ ತಂತಿ ಹಿಡಿದ ಕೈ ಮತ್ತು ಮೈಕ್ ಮುಟ್ಟಿದ ತುಟಿಯ ನಡುವೆ ವಿದ್ಯುತ್ ಹರಿಯುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಮೃತಪಟ್ಟರು.

ಗುಂಯ್‌ಗುಡುವ ಸದ್ದು ಅಡಗಿಸಲೆಂದು ಪ್ಲಗ್‌ನ ಮೂರನೆಯ ಪಿನ್ ಮುರಿಯುವುದು, ಎರಡು ಪಿನ್ ಪ್ಲಗ್‌ಗೆ ಬದಲಿಸುವುದು ಕೆಲವೆಡೆ ನಡೆದುಬಂದಿದೆ. ಇದು ಪ್ರಾಣದೊಂದಿಗೆ ಆಡುವ ಆಟ. ಆಂಪ್ಲಿಫೈಯರ್ ಯಾವ ಬಗೆಯದ್ದಾದರೂ ಸರಿ, ಗಿಟಾರ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಅರ್ತ್ ಇರುವ ಸಂಪರ್ಕ ಕೇಳಬೇಕು. ಹಾಡುವ ಮುನ್ನ ಮಲ್ಟಿಮೀಟರ್‌ನಿಂದ ತಂತಿ ಮತ್ತು ಮೈಕ್ ಜಾಲರಿಯ ನಡುವಿನ ವೋಲ್ಟೇಜ್ ಅಳೆಯಬೇಕು. 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿತಗೊಳಿಸುವ ರಕ್ಷಣಾ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು.

ತೂಕ, ರಿಪೇರಿ, ಬಿಡಿಭಾಗ

ವಾಲ್ವ್ ಯಂತ್ರದ ಒಳಗೆ ಎರಡು ಭಾರೀ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ. ಎರಡು ಸ್ಪೀಕರ್‌ಗಳ ಫೆಂಡರ್ ಟ್ವಿನ್ ರಿವರ್ಬ್ ತೂಕ ಸುಮಾರು 29 ಕಿಲೋ. ಹಾಗೆಂದು ಟ್ರಾನ್ಸಿಸ್ಟರ್ ಯಂತ್ರಗಳೆಲ್ಲ ಹಗುರ ಎಂದು ಭಾವಿಸಬೇಕಿಲ್ಲ. ಜೆಸಿ-120 ಕೂಡ 28 ಕಿಲೋ ತೂಗುತ್ತದೆ. ಹೊಸ ಪೀಳಿಗೆಯ ‘ಕ್ಲಾಸ್ ಡಿ’ ಯಂತ್ರಗಳದ್ದು ಬೇರೆ ಕಥೆ. ಸ್ಪೀಕರ್ ಇಲ್ಲದ ಇವುಗಳಲ್ಲಿ ಕೆಲವು ಗಿಟಾರ್ ಚೀಲದ ಕಿಸೆಯಲ್ಲೇ ಕೂರುತ್ತವೆ. ಆಟೊರಿಕ್ಷಾದಲ್ಲಿ ಕಾರ್ಯಕ್ರಮಕ್ಕೆ ಹೋಗುವ ವಾದಕರಿಗೆ ಇದು ಸಣ್ಣ ಸಂಗತಿಯಲ್ಲ.

ವಾಲ್ವ್‌ಗಳು ಸವೆಯುವ ವಸ್ತುಗಳು. ಪ್ರಿಆಂಪ್‌ನ ವಾಲ್ವ್ ಹಲವು ವರ್ಷ ಬಾಳುತ್ತದೆ. ನಿರಂತರ ಕಾರ್ಯಕ್ರಮ ಕೊಡುವವರು ಪವರ್ ವಾಲ್ವ್‌ಗಳನ್ನು ಒಂದೆರಡು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಹಲವು ಮಾದರಿಗಳಲ್ಲಿ ಬದಲಿಸಿದ ಮೇಲೆ ಅವುಗಳ ಬಯಾಸ್ ಸರಿಹೊಂದಿಸಲು ಬಲ್ಲ ತಂತ್ರಜ್ಞ ಬೇಕು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಂತಕ ವೋಲ್ಟೇಜ್ ಉಳಿದಿರುವುದರಿಂದ ಅರೆತಿಳಿವಿನವರು ಪೆಟ್ಟಿಗೆ ಬಿಚ್ಚಬಾರದು.

ಪೂರೈಕೆಯ ಪ್ರಶ್ನೆಯೂ ಇದೆ. ಗಿಟಾರ್ ಆಂಪ್ಲಿಫೈಯರ್‌ಗಳಿಗೆ ಬೇಕಾದ ವಾಲ್ವ್‌ಗಳ ಬಹುಪಾಲು ತಯಾರಾಗುವುದು ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದ ಬೆರಳೆಣಿಕೆಯ ಕಾರ್ಖಾನೆಗಳಲ್ಲಿ. 2022ರಲ್ಲಿ ಉಕ್ರೇನ್ ಯುದ್ಧದ ಬೆನ್ನಲ್ಲೇ ರಷ್ಯಾದ ವಾಲ್ವ್ ರಫ್ತಿಗೆ ಅಡ್ಡಿಯಾದಾಗ ಜಗತ್ತಿನೆಲ್ಲೆಡೆ ಕೊರತೆಯ ಭೀತಿ ಹುಟ್ಟಿತ್ತು. ವಾಲ್ವ್ ಯಂತ್ರ ಇಟ್ಟುಕೊಳ್ಳುವವರು ಒಂದು ಜತೆ ಪವರ್ ವಾಲ್ವ್, ಒಂದು ಪ್ರಿಆಂಪ್ ವಾಲ್ವ್, ಸರಿಯಾದ ಅಳತೆಯ ಫ್ಯೂಸ್‌ಗಳನ್ನು ಸದಾ ಚೀಲದಲ್ಲಿಟ್ಟುಕೊಳ್ಳಬೇಕು.

ಬಳಕೆಯಲ್ಲೂ ನಿಯಮಗಳು ಬೇರೆ. ವಾಲ್ವ್ ಯಂತ್ರವನ್ನು ಸ್ಪೀಕರ್ ಜೋಡಿಸದೆ ಎಂದಿಗೂ ನುಡಿಸಬಾರದು. ಹಾಗೆ ಮಾಡಿದರೆ ದುಬಾರಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಟ್ರಾನ್ಸಿಸ್ಟರ್ ಯಂತ್ರಕ್ಕೆ ಆ ಭಯವಿಲ್ಲ. ಆದರೆ ಅದಕ್ಕೆ ನಮೂದಿಸಿದ ಕನಿಷ್ಠ ಓಮ್‌ಗಿಂತ ಕಡಿಮೆ ಪ್ರತಿರೋಧದ ಸ್ಪೀಕರ್ ಜೋಡಿಸಬಾರದು. ಎರಡು 8 ಓಮ್ ಪೆಟ್ಟಿಗೆಗಳನ್ನು ಸಮಾನಾಂತರವಾಗಿ ಸೇರಿಸಿದರೆ ಪ್ರತಿರೋಧ 4 ಓಮ್‌ಗೆ ಇಳಿಯುತ್ತದೆ ಎಂಬುದು ನೆನಪಿರಲಿ.

ಮೂರನೆಯ ದಾರಿ

ವಾಲ್ವ್ ಯಂತ್ರಗಳ ವರ್ತನೆಯನ್ನು ಗಣಿತದ ಮೂಲಕ ಅನುಕರಿಸುವ ಡಿಜಿಟಲ್ ‘ಮಾಡೆಲಿಂಗ್’ ವಿಧಾನ ಈ ಚರ್ಚೆಯ ಸ್ವರೂಪವನ್ನೇ ಬದಲಿಸಿದೆ. 1998ರಲ್ಲಿ ಬಂದ ಲೈನ್ 6 ಕಂಪನಿಯ ‘ಪಾಡ್’ ಇದನ್ನು ಜನಪ್ರಿಯಗೊಳಿಸಿತು. ಇದು ಮಿತದರದ ಆಂಪ್ಲಿಫೈಯರ್‌ಗಳಿಗೂ ಬಂತು, 2016ರಲ್ಲಿ ಬಂದ ಬಾಸ್ ‘ಕಟಾನಾ’ ಅಂಥವುಗಳಲ್ಲೊಂದು. 2019ರಲ್ಲಿ ಸ್ವತಃ ಫೆಂಡರ್ ಕಂಪನಿಯೇ ಟ್ವಿನ್ ರಿವರ್ಬ್‌ನ ‘ಟೋನ್ ಮಾಸ್ಟರ್’ ಎಂಬ ಡಿಜಿಟಲ್ ರೂಪ ಹೊರತಂದಿತು. ಅದರ ತೂಕ ಮೂಲ ಯಂತ್ರದ ಅರ್ಧದಷ್ಟು, ಸುಮಾರು 15 ಕಿಲೋ.

‘ಹೈಬ್ರಿಡ್’ ಯಂತ್ರಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಪ್ರಿಆಂಪ್‌ನಲ್ಲಿ ಒಂದೇ ವಾಲ್ವ್ ಇಟ್ಟು, ಪವರ್ ಆಂಪನ್ನು ಟ್ರಾನ್ಸಿಸ್ಟರ್‌ನಿಂದ ಮಾಡಿದ ಯಂತ್ರಗಳಿವೆ. ಅವು ಕೆಟ್ಟವೇನಲ್ಲ. ಆದರೆ ಎಲ್ಲೆ ಮುಟ್ಟಿದಾಗಿನ ವಾಲ್ವ್ ಸ್ಪಂದನವನ್ನು ಬಯಸಿ ಅವುಗಳಿಗೆ ಹಣ ತೆತ್ತರೆ ನಿರಾಸೆ ಖಚಿತ. ಪವರ್ ಆಂಪ್ ಯಾವುದರದ್ದು ಎಂದು ಕೇಳಿ ತಿಳಿಯಬೇಕು.

ಯಾರಿಗೆ ಯಾವುದು?

* ಆರ್ಕೆಸ್ಟ್ರಾಗಳಲ್ಲಿ ಚಿತ್ರಗೀತೆ ನುಡಿಸುವವರಿಗೆ: ಒಂದು ಹಾಡಿಗೆ ಸ್ವಚ್ಛ ನಾದ, ಮುಂದಿನದಕ್ಕೆ ಒರಟು ನಾದ ಬೇಕಾಗುವುದರಿಂದ ಸಾಲಿಡ್ ಸ್ಟೇಟ್ ಅಥವಾ ಮಾಡೆಲಿಂಗ್ ಯಂತ್ರವೇ ಸೂಕ್ತ. ಬಯಲು ವೇದಿಕೆಯ ವಿದ್ಯುತ್ ಏರಿಳಿತಕ್ಕೂ ಅದು ಒಗ್ಗುತ್ತದೆ.

* ಬ್ಲೂಸ್, ಹಳೆಯ ಶೈಲಿಯ ರಾಕ್ ನುಡಿಸುವವರಿಗೆ: ಡಿಸ್ಟಾರ್ಷನ್ ಪವರ್ ಆಂಪ್‌ನಿಂದಲೇ ಬರಬೇಕೆಂದಿದ್ದರೆ ವಾಲ್ವ್‌ಗೆ ಪೂರ್ತಿ ಸಾಟಿಯಿಲ್ಲ. ಆದರೆ 15ರಿಂದ 20 ವ್ಯಾಟ್ ಸಾಕು, ಉಳಿದದ್ದನ್ನು ಮೈಕ್‌ಗೆ ಬಿಡಬೇಕು.

* ಜಾಝ್ ನುಡಿಸುವವರಿಗೆ: ಸ್ವಚ್ಛ ನಾದವೇ ಮುಖ್ಯವಾದ್ದರಿಂದ ಸಾಲಿಡ್ ಸ್ಟೇಟ್ ಯಂತ್ರ ರಾಜಿಯ ಆಯ್ಕೆಯಲ್ಲ, ಸಹಜ ಆಯ್ಕೆ.

* ಮೆಟಲ್ ತಂಡಗಳಿಗೆ: ಡಿಸ್ಟಾರ್ಷನ್ ಬಹುಪಾಲು ಪ್ರಿಆಂಪ್‌ನಲ್ಲೇ ಹುಟ್ಟುವುದರಿಂದ ಎರಡೂ ನಡೆಯುತ್ತವೆ. ಮಂದ್ರದ ಬಿಗಿತನಕ್ಕೆ ಟ್ರಾನ್ಸಿಸ್ಟರ್ ಪವರ್ ಆಂಪ್ ಅನುಕೂಲ.

* ಊರೂರು ಸುತ್ತುವವರಿಗೆ: ಹಗುರ ಯಂತ್ರ, ಜತೆಗೆ ಮಿಕ್ಸರ್‌ಗೆ ನೇರವಾಗಿ ಸಂಕೇತ ಕಳುಹಿಸುವ ಸೌಲಭ್ಯ ಇರಲೇಬೇಕು.

ಇಷ್ಟಾದ ಮೇಲೂ ಯಾವ ಯಂತ್ರವೂ ಕೈಕೊಡಬಹುದು. ಹೀಗಾಗಿ ಅನುಭವಿ ವಾದಕರು ಮಿಕ್ಸರ್‌ಗೆ ನೇರವಾಗಿ ಜೋಡಿಸಬಹುದಾದ ಸಣ್ಣ ಪ್ರಿಆಂಪ್ ಪೆಡಲ್ ಒಂದನ್ನು ಆಪದ್ಧನದಂತೆ ಜತೆಗಿಟ್ಟುಕೊಳ್ಳುತ್ತಾರೆ. ವಾಲ್ವ್ ಸುಟ್ಟರೂ, ಟ್ರಾನ್ಸಿಸ್ಟರ್ ಸತ್ತರೂ ಹಾಡು ನಿಲ್ಲುವುದಿಲ್ಲ.

ಅಂಗಡಿಗೆ ಹೋಗುವಾಗ ತಮ್ಮದೇ ಗಿಟಾರ್, ತಮ್ಮದೇ ಪೆಡಲ್‌ಗಳನ್ನು ಒಯ್ಯಬೇಕು. ಮೆಲ್ಲಗೆ ನುಡಿಸಿ ನೋಡಿದರೆ ಸಾಲದು, ವೇದಿಕೆಯಲ್ಲಿ ಬಳಸುವಷ್ಟೇ ಸದ್ದಿನಲ್ಲಿ ಪರೀಕ್ಷಿಸಬೇಕು. ಎಲ್ಲಕ್ಕೂ ಮೊದಲು, ಕಳೆದ ಹತ್ತು ಕಾರ್ಯಕ್ರಮಗಳು ಎಲ್ಲಿ ನಡೆದವು, ಮೈಕ್ ವ್ಯವಸ್ಥೆ ಇತ್ತೇ, ವಿದ್ಯುತ್ ಹೇಗಿತ್ತು, ಪೆಟ್ಟಿಗೆ ಹೊತ್ತವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಮೆಚ್ಚಿನ ಕಲಾವಿದರು ಯಾವ ಯಂತ್ರ ಬಳಸುತ್ತಾರೆ ಎಂಬುದಕ್ಕಿಂತ ಆ ಹಾಳೆಯೇ ಸರಿಯಾದ ಉತ್ತರ ಕೊಡುತ್ತದೆ.